ರೆಕ್ಕೆ ನಟ್ಟಿನ ಕಥೆ, ತಾತನ ಪೇಚು

ಮೊಮ್ಮಗಳ ಹುಟ್ಟುಹಬ್ಬಕ್ಕೆ ಹೊಸ ಗೇರ್ ಸೈಕಲ್ ಬಂತು. ಮುಂದಿನ ಚಕ್ರ ಜೋಡಿಸುವ ಕೆಲಸ ನನ್ನದು. ಅಚ್ಚಿನ ತುದಿಯಲ್ಲಿ ಪುಟ್ಟದೊಂದು ಹಿಡಿ ಇತ್ತು. ‘ಓಹೋ, ರೆಕ್ಕೆ ನಟ್ಟು!’ ಎಂದುಕೊಂಡು ಗರಗರನೆ ತಿರುಗಿಸಿ ಬಿಗಿ ಮಾಡಿದೆ.

ಗಾಳಿ ಹೊಡೆಸಲು ಹೋದಾಗ ಅಂಗಡಿಯವನು ಮುಂದಿನ ಚಕ್ರವನ್ನೆತ್ತಿ ಮೇಲಿನಿಂದ ಒಂದು ಗುದ್ದು ಕೊಟ್ಟ. ಚಕ್ರ ಲೊಡಕ್ಕನೆ ಕೆಳಕ್ಕೆ ಜಾರಿತು! “ಯಾರು ಸಾರ್ ಇದನ್ನ ಟೈಟ್ ಮಾಡಿದ್ದು? ಮಗು ಬಿದ್ದಿದ್ರೆ?” ಎಂದ. ಬ್ಯಾಂಕಿನಲ್ಲಿ ಪೈಸೆ ಪೈಸೆಗೂ ಲೆಕ್ಕ ತಾಳೆ ನೋಡಿದ್ದ ನಾನು ಅಂದು ತಲೆ ತಗ್ಗಿಸಿದೆ.

ಮಕ್ಕಳೇ, ರೆಕ್ಕೆ ನಟ್ಟು ಎಂದರೆ ಗೊತ್ತಲ್ಲ? ಹ್ಯಾಕ್ಸಾದ ತುದಿಯಲ್ಲಿ ಬ್ಲೇಡನ್ನು ಬಿಗಿಯಲು ಎರಡು ಕಿವಿಗಳ ನಟ್ಟು ಇರುತ್ತದೆ, ಅದೇ. ಸ್ಪ್ಯಾನರ್ ಬೇಡ, ಬೆರಳು ಸಾಕು. ಇಟಲಿಯವರು ಅದನ್ನು ‘ಗಲೆತ್ತೊ’, ಅಂದರೆ ಪುಟ್ಟ ಹುಂಜ ಎನ್ನುತ್ತಾರೆ.

ಹಿಂದೆ ರೇಸ್ ಸೈಕಲ್‌ಗಳ ಚಕ್ರ ಬಿಗಿಯುತ್ತಿದ್ದುದು ಇದರಿಂದಲೇ. ಆಗ ಹಿಂದಿನ ಚಕ್ರದ ಎರಡೂ ಪಕ್ಕ ಹಲ್ಲುಚಕ್ರಗಳಿರುತ್ತಿದ್ದವು. ಸಮತಟ್ಟು ರಸ್ತೆಗೆ ಚಿಕ್ಕದು, ಏರಿಗೆ ದೊಡ್ಡದು. ಬೆಟ್ಟ ಬಂದರೆ ಸವಾರ ಇಳಿದು, ನಟ್ಟು ಬಿಚ್ಚಿ, ಚಕ್ರವನ್ನು ತಿರುವಿ ಹಾಕಬೇಕಿತ್ತು!

1927ರ ನವೆಂಬರ್. ಉತ್ತರ ಇಟಲಿಯ ಕ್ರೋಚೆ ದೌನೆ ಕಣಿವೆದಾರಿಯ ಏರಿನಲ್ಲಿ ತುಲಿಯೋ ಕಂಪಾನ್ಯೋಲೋ ಎಂಬ ಯುವಕ ರೇಸ್ ಓಡುತ್ತಿದ್ದ. ಹಿಮ ಬೀಳುತ್ತಿತ್ತು. ಚಕ್ರ ತಿರುವಲು ಇಳಿದರೆ ಕೈಬೆರಳು ಮರಗಟ್ಟಿದ್ದವು, ರೆಕ್ಕೆ ನಟ್ಟು ಅಲುಗಲೇ ಇಲ್ಲ, ರೇಸ್ ಕೈತಪ್ಪಿತು ಎಂಬ ಕಥೆ ಸೈಕಲ್ ಪ್ರಿಯರಲ್ಲಿ ಇಂದಿಗೂ ಪ್ರಸಿದ್ಧ. ಅಲ್ಲಿ ಅವನ ಸ್ಮಾರಕವೂ ಇದೆ. ಸೋಲಿನ ಚಿಂತೆಯಿಂದಲೇ ಹೊಸ ಉಪಾಯ ಹುಟ್ಟಿತಂತೆ. ಅದೇ ‘ಕ್ವಿಕ್ ರಿಲೀಸ್’. 1933ರಲ್ಲಿ ವಿಚೆನ್ಜಾ ಊರಿನಲ್ಲಿ ಸ್ವಂತ ಕಂಪನಿ ಆರಂಭಿಸಿದ.

ಇದರ ಗುಟ್ಟು ಸರಳ. ಚಕ್ರದ ಅಚ್ಚು ಕೊಳವೆಯಂತೆ ಟೊಳ್ಳು. ಅದರೊಳಗೆ ಸಣ್ಣ ಕಂಬಿ. ಕಂಬಿಯ ಒಂದು ತುದಿಗೆ ನಟ್ಟು, ಇನ್ನೊಂದು ತುದಿಗೆ ಹಿಡಿ. ಹಿಡಿಯ ಬುಡ ಒಂದು ಕಡೆ ಉಬ್ಬಿಕೊಂಡಿದೆ. ಹಿಡಿಯನ್ನು ಮಡಚಿದಾಗ ಆ ಉಬ್ಬು ಕಂಬಿಯನ್ನೆಳೆದು ಚಕ್ರವನ್ನು ಫೋರ್ಕಿಗೆ ಕಚ್ಚಿಸುತ್ತದೆ. ಅಂದರೆ ಬಿಗಿ ಬರುವುದು ಮಡಚುವುದರಿಂದ, ತಿರುಗಿಸುವುದರಿಂದಲ್ಲ. ನಾನು ಎಡವಿದ್ದು ಇಲ್ಲಿಯೇ.

ಅಂಗಡಿಯವನು ತೋರಿಸಿಕೊಟ್ಟ ಕ್ರಮ ಹೀಗಿದೆ. ಚಕ್ರವನ್ನು ಫೋರ್ಕಿನೊಳಗೆ ನೇರವಾಗಿ ಕೂರಿಸಿ. ಹಿಡಿಯನ್ನು ಹೊರಕ್ಕೆ ನೆಟ್ಟಗೆ ಹಿಡಿದು, ಆಚೆ ತುದಿಯ ನಟ್ಟನ್ನು ತಿರುಗಿಸುತ್ತ ಬನ್ನಿ. ಹಿಡಿ ಅರ್ಧ ಮಡಚುವಷ್ಟರಲ್ಲಿ ಬಿಗಿ ಹತ್ತಬೇಕು. ಬಳಿಕ ಅಂಗೈಯಿಂದ ಒತ್ತಿ ಪೂರ್ತಿ ಮಡಚಿ. ಅಂಗೈ ಮೇಲೆ ಹಿಡಿಯ ಅಚ್ಚು ಮೂಡಬೇಕು. ಸಲೀಸಾಗಿ ಮಡಚಿತೆಂದರೆ ಬಿಗಿ ಸಾಲದು, ಮತ್ತೆ ಬಿಚ್ಚಿ ನಟ್ಟನ್ನು ತುಸು ತಿರುಗಿಸಿ. ಮೊದಮೊದಲು ದೊಡ್ಡವರು ಜೊತೆಗಿರಲಿ.

ಈಗ ಮೊಮ್ಮಗಳು ದಿನವೂ ಹೊರಡುವ ಮುಂಚೆ ಚಕ್ರವನ್ನೆತ್ತಿ ಗುದ್ದಿ ನೋಡುತ್ತಾಳೆ. ನಾನು ಹತ್ತಿರ ಹೋದರೆ ಸಾಕು, “ತಾತ, ನೀವು ಮುಟ್ಟಬೇಡಿ!” ಎನ್ನುತ್ತಾಳೆ.