ಮಾನವನು ರೂಪಿಸಿದ ಪ್ರೋಟೀನುಗಳು

ಕೋಳಿಮೊಟ್ಟೆಯನ್ನು ಬೇಯಿಸಿದರೆ ಅದರೊಳಗಿನ ತಿಳಿಯಾದ ಲೋಳೆಯು ಬೆಳ್ಳಗೆ ಗಟ್ಟಿಯಾಗುವುದನ್ನು ನಾವೆಲ್ಲರೂ ಬಲ್ಲೆವು. ಅದರಲ್ಲಿರುವ ಪ್ರೋಟೀನುಗಳು ಶಾಖಕ್ಕೆ ಸಿಕ್ಕಿ ತಮ್ಮ ಆಕಾರವನ್ನು ಕಳೆದುಕೊಳ್ಳುವುದೇ ಇದಕ್ಕೆ ಕಾರಣ. ಹಾಗಾದರೆ ಇಂತಹ ಶಾಖಕ್ಕೂ ಜಗ್ಗದ ಪ್ರೋಟೀನನ್ನು ನಾವೇ ನಿರ್ಮಿಸಬಹುದೆ?

ಪ್ರೋಟೀನೆಂಬುದು ೨೦ ಬಗೆಯ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಈ ಸರವು ಮನಬಂದಂತೆ ಮಡಿಚಿಕೊಳ್ಳಲಾರದು. ಅದರ ಕೊಂಡಿಗಳು ಯಾವ ಯಾವ ಕೋನಗಳಿಗೆ ತಿರುಗಬಲ್ಲುವೆಂಬುದನ್ನು ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು ೧೯೬೩ರಲ್ಲಿ ಮದರಾಸಿನಲ್ಲಿ ಲೆಕ್ಕಹಾಕಿ ತೋರಿಸಿದರು. ನೀರಿನೊಡನೆ ಬೆರೆಯಲೊಲ್ಲದ ಆಮ್ಲಗಳು ಎಣ್ಣೆಯ ಹನಿಗಳಂತೆ ಒಳಗೆ ಒತ್ತಾಗಿ ಸೇರುವುವು; ನೀರಿಗೆ ಒಗ್ಗುವಂತಹವು ಹೊರಗೆ ಉಳಿಯುವುವು. ಇಳಿಜಾರಿನಲ್ಲಿ ಉರುಳಿದ ಕಲ್ಲು ತಗ್ಗಿನಲ್ಲಿ ನಿಲ್ಲುವಂತೆ, ಸರವು ಅತ್ಯಲ್ಪ ಶಕ್ತಿಯ ಆಕಾರದಲ್ಲಿ ನೆಲೆಗೊಳ್ಳುವುದು.

ನಿರ್ಮಾಪಕನು ಈ ಸಮಸ್ಯೆಯನ್ನು ತಿರುವುಮುರುವು ಮಾಡುವನು. ಮೊದಲು ಬೇಕಾದ ಆಕಾರವನ್ನು ಕಲ್ಪಿಸಿ, ಆ ಆಕಾರವೇ ಅತ್ಯಲ್ಪ ಶಕ್ತಿಯದಾಗುವಂತೆ ಆಮ್ಲಗಳ ಸಾಲನ್ನು ಹುಡುಕುವನು. ೯೩ ಆಮ್ಲಗಳ ಸರಕ್ಕೆ ಸಾಧ್ಯವಿರುವ ಸಾಲುಗಳ ಸಂಖ್ಯೆಯನ್ನು ಬರೆಯಲು ೧ರ ಮುಂದೆ ಸುಮಾರು ೧೨೧ ಸೊನ್ನೆಗಳು ಬೇಕು! ಎಲ್ಲವನ್ನೂ ಪರೀಕ್ಷಿಸುವುದು ಅಸಾಧ್ಯ. ಆದುದರಿಂದ ಗಣಕಯಂತ್ರವು ಅಲ್ಲೊಂದು ಇಲ್ಲೊಂದು ಆಮ್ಲವನ್ನು ಬದಲಿಸುತ್ತ, ಶಕ್ತಿಯು ಇಳಿಯುವ ದಿಕ್ಕಿನಲ್ಲಿ ಸಾಗುವುದು.

೨೦೦೩ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಬ್ರಯಾನ್ ಕುಲ್ಮನ್, ಡೇವಿಡ್ ಬೇಕರ್ ಮೊದಲಾದವರು ಹೀಗೆ ‘ಟಾಪ್-೭’ ಎಂಬ ೯೩ ಆಮ್ಲಗಳ ಪ್ರೋಟೀನನ್ನು ರೂಪಿಸಿ, ಬ್ಯಾಕ್ಟೀರಿಯಗಳಿಂದ ತಯಾರಿಸಿದರು. ಅದರ ಮಡಿಕೆಯ ವಿನ್ಯಾಸವು ಅದುವರೆಗೆ ನಿಸರ್ಗದಲ್ಲಿ ಕಂಡುಬಂದಿರಲಿಲ್ಲ. ಕ್ಷ-ಕಿರಣಗಳಿಂದ ಪರೀಕ್ಷಿಸಿದಾಗ ಅಣುವು ಮೂಲ ನಕ್ಷೆಯನ್ನು ನಿಕಟವಾಗಿ ಹೋಲುತ್ತಿದ್ದಿತು. ೯೮ ಡಿಗ್ರಿ ಸೆಂಟಿಗ್ರೇಡಿನಲ್ಲಿಯೂ ಅದರ ಆಕಾರ ಕೆಡಲಿಲ್ಲ.

ಆದರೆ ಟಾಪ್-೭ ಯಾವ ಕೆಲಸಕ್ಕಾಗಿಯೂ ರೂಪಿಸಿದುದಲ್ಲ. ಕಿಣ್ವದಂತೆ ಕೆಲಸ ಮಾಡಬೇಕಾದರೆ ಅಣುವಿನಲ್ಲೊಂದು ಕುಳಿಯಿರಬೇಕು; ಅದರಲ್ಲಿ ಕೆಲವು ಆಮ್ಲಗಳು ಕರಾರುವಾಕ್ಕಾದ ಸ್ಥಾನಗಳಲ್ಲಿರಬೇಕು. ಕುಳಿಯನ್ನು ಮಾಡಿದರೆ ಒತ್ತಾದ ಒಡಲು ಸಡಿಲಗೊಳ್ಳುವುದು. ದೃಢತೆಯು ಕೂಡಿಟ್ಟ ಹಣವಿದ್ದಂತೆ. ಕೆಲಸಕ್ಕಾಗಿ ಅದರಲ್ಲಿ ಕೊಂಚ ವ್ಯಯಿಸಲೇಬೇಕು. ೨೦೦೮ರಲ್ಲಿ ಬೇಕರ್ ಮತ್ತು ಸಂಗಡಿಗರು ರೂಪಿಸಿದ ಕಿಣ್ವಗಳು ಬಹು ಮಂದವಾಗಿದ್ದುವು. ಅವುಗಳಲ್ಲೊಂದನ್ನು ಪ್ರಯೋಗಾಲಯದಲ್ಲಿ ಸುತ್ತುಸುತ್ತಾಗಿ ಮಾರ್ಪಡಿಸಿ, ಉತ್ತಮವಾದುವನ್ನು ಆರಿಸುತ್ತ ಹೋದುದರಿಂದ ಅದರ ಸಾಮರ್ಥ್ಯವು ೨೦೦ ಪಟ್ಟಿಗೂ ಮಿಕ್ಕು ಹೆಚ್ಚಿತು.

ಈ ಸಾಧನೆಯ ಫಲವು ಜನರನ್ನೂ ಮುಟ್ಟಿದೆ. ಗಣಕಯಂತ್ರದ ನೆರವಿನಿಂದ ರೂಪಿಸಿದ ಪ್ರೋಟೀನುಗಳು ತಾವಾಗಿಯೇ ಕೂಡಿ ಆಗುವ ಕಣಕ್ಕೆ ವೈರಸ್ಸಿನ ತುಣುಕುಗಳನ್ನು ಅಂಟಿಸಿದ ಕೋವಿಡ್ ಲಸಿಕೆಗೆ ದಕ್ಷಿಣ ಕೊರಿಯವು ೨೦೨೨ರಲ್ಲಿ ಅನುಮತಿಯಿತ್ತಿತು. ೨೦೨೪ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದ ಅರ್ಧಭಾಗವು ಬೇಕರ್ ಅವರಿಗೆ ಸಂದಿತು. ದೃಢವಾದ ಅಣುವನ್ನು ಕಟ್ಟುವುದಕ್ಕಿಂತ ಅದಕ್ಕೆ ಕೆಲಸ ಕಲಿಸುವುದು ಇಂದಿಗೂ ಕಠಿಣ. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಅಲ್ಲಿ ಮಾಡಬೇಕಾದ ಕಾರ್ಯವು ಬೇಕಾದಷ್ಟಿದೆ.