ಮೊದಲ ಹಿಮ: ಸೊಬಗಿನ ಅಡಿಯಲ್ಲೊಂದು ಸಂಚು

ಮುಂಗಾರಿನ ಮೊದಲ ಮಳೆಗೆ ರೈತ ಕಾಯುವ ಹಾಗೆ ಮೊದಲ ಹಿಮಕ್ಕೆ ಕಾಯುವ ಜನ ಆಲ್ಪ್ಸ್ ಪರ್ವತದ ಊರುಗಳಲ್ಲಿದ್ದಾರೆ. ಅಕ್ಟೋಬರ್ ಅಥವಾ ನವೆಂಬರಿನ ಒಂದು ಬೆಳಿಗ್ಗೆ, ಹಿಂದಿನ ದಿನದವರೆಗೆ ಕಂದು ಬಣ್ಣಕ್ಕಿದ್ದ ಶಿಖರಗಳು ಬೆಳ್ಳಗೆ ನಿಂತಿರುತ್ತವೆ. ಮೂಲೆ ಸೇರಿದ್ದ ಸ್ಕೀ ಹಲಗೆಗಳು ಹೊರಬರುತ್ತವೆ. ಅವುಗಳ ಅಂಚು ಮಸೆದು, ತಳಕ್ಕೆ ಮೇಣ ಬಳಿಯುವ ಸಡಗರ ಶುರುವಾಗುತ್ತದೆ.

ಇವರೆಲ್ಲ ತಂತಿಯ ತೊಟ್ಟಿಲಿನಲ್ಲಿ ಮೇಲೇರಿ, ಹದಗೊಳಿಸಿದ ಇಳಿಜಾರಿನಲ್ಲಿ ಜಾರುವವರಲ್ಲ. ಹಲಗೆಯ ತಳಕ್ಕೆ ಒರಟು ಪಟ್ಟಿ ಅಂಟಿಸಿಕೊಂಡು ಗಂಟೆಗಟ್ಟಲೆ ನಡೆದು ಬೆಟ್ಟ ಹತ್ತುತ್ತಾರೆ. ತುದಿಯಲ್ಲಿ ಪಟ್ಟಿ ಕಿತ್ತು, ಯಾರೂ ತುಳಿಯದ ಹಿಮದ ಮೇಲೆ ಕೆಳಗಿಳಿಯುತ್ತಾರೆ. ಒಂದು ಕಾಲಕ್ಕೆ ಈ ಪಟ್ಟಿ ಸೀಲ್ ಎಂಬ ಕಡಲ ಪ್ರಾಣಿಯ ಚರ್ಮದ್ದಾಗಿತ್ತು. ಅದರ ರೋಮ ಒಂದೇ ದಿಕ್ಕಿಗೆ ಬಾಗಿರುವುದರಿಂದ ಹಲಗೆ ಮುಂದಕ್ಕೆ ಸರಿಯುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಈಗ ನೈಲಾನ್ ಅಥವಾ ಮೇಕೆಯ ಉಣ್ಣೆ ಅದೇ ಕೆಲಸ ಮಾಡುತ್ತದೆ.

ಇಷ್ಟು ಆಸೆಯಿಂದ ಎದುರುಗೊಳ್ಳುವ ಮೊದಲ ಹಿಮವೇ ಎರಡು ಮೂರು ತಿಂಗಳ ನಂತರ ಜೀವ ತೆಗೆಯಲೂಬಹುದು. ಅದು ಹೇಗೆಂಬುದನ್ನು ಅರಿಯಲು ವಿಜ್ಞಾನಿಗಳಿಗೆ ದಶಕಗಳೇ ಬೇಕಾದವು.

ನಾರ್ವೆಯ ಹಲಗೆ, ಸ್ವಿಸ್ ಬೆಟ್ಟ

'ಸ್ಕೀ' ಎಂಬ ಪದಕ್ಕೆ ಹಳೆಯ ನಾರ್ವೆ ಭಾಷೆಯಲ್ಲಿ ಸೀಳಿದ ಮರದ ತುಂಡು ಎಂದರ್ಥ. ಉತ್ತರ ಯೂರೋಪಿನಲ್ಲಿ ಅದು ಆಟದ ಸಾಮಾನಾಗಿರಲಿಲ್ಲ. ಚಳಿಗಾಲದಲ್ಲಿ ಓಡಾಡಲು, ಬೇಟೆಯಾಡಲು ಬೇಕಾದ ಸಾಧನವಾಗಿತ್ತು. ಟೆಲೆಮಾರ್ಕ್ ಪ್ರಾಂತದ ಬಡ ರೈತ ಸೋಂದ್ರೆ ನೂರ್‌ಹೈಮ್ ಹತ್ತೊಂಬತ್ತನೆಯ ಶತಮಾನದಲ್ಲಿ ಹಿಮ್ಮಡಿಯನ್ನೂ ಬಿಗಿಯುವ ಕಟ್ಟು ಬಳಸಿ, ಇಳಿಜಾರಿನಲ್ಲಿ ತಿರುಗುವ ಕಲೆಯನ್ನು ಬೆಳೆಸಿದ. ಫ್ರಿತ್ಯೋಫ್ ನಾನ್ಸೆನ್ 1888ರಲ್ಲಿ ಗ್ರೀನ್‌ಲೆಂಡನ್ನು ಸ್ಕೀ ಮೇಲೆ ದಾಟಿದ. ಆತನ ಪ್ರವಾಸಕಥನ ಓದಿದ ಮಧ್ಯ ಯೂರೋಪಿನ ಜನರಿಗೂ ಈ ಹುಚ್ಚು ಹಿಡಿಯಿತು.

ಸ್ವಿಟ್ಜರ್‌ಲೆಂಡಿನ ದಾವೋಸ್ ಆಗ ಕ್ಷಯರೋಗಿಗಳು ಗಾಳಿ ಬದಲಾವಣೆಗೆ ಬರುತ್ತಿದ್ದ ಊರು. ಷೆರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಕಾಯಿಲೆಯ ಹೆಂಡತಿಯೊಡನೆ ಅಲ್ಲಿಗೆ ಬಂದಿದ್ದ. ಆ ಊರಿನ ಬ್ರಾಂಗರ್ ಸೋದರರು ಸ್ಕೀ ತರಿಸಿಕೊಂಡು ತಾವಾಗಿಯೇ ಕಲಿಯುತ್ತಿದ್ದರು. 1894ರ ಮಾರ್ಚ್‌ನಲ್ಲಿ ಆತ ಅವರೊಡನೆ ಮೈಯನ್‌ಫೆಲ್ಡರ್ ಫೂರ್ಕಾ ಕಣಿವೆದಾರಿಯನ್ನು ದಾಟಿ ಅರೋಸಾ ತಲುಪಿದ. ಅದೇ ವರ್ಷ ಆತ ಆ ಸಾಹಸದ ಬಗ್ಗೆ 'ಸ್ಟ್ರಾಂಡ್' ಪತ್ರಿಕೆಯಲ್ಲಿ ನಗೆ ಬೆರೆಸಿ ಬರೆದ. ಆಲ್ಪ್ಸ್ ಚಳಿಗಾಲದ ಆಟದ ತಾಣವಾಗಿ ಹೆಸರಾಗಲು ಇಂಥ ಬರಹಗಳೂ ಕಾರಣವಾದವು.

ಸಕ್ಕರೆಯಂಥ ಪದರ

ಅದೇ ದಾವೋಸಿನ ಮೇಲಿನ ವೈಸ್‌ಫ್ಲೂಯೋಖ್ ಎಂಬಲ್ಲಿ 1936ರಲ್ಲಿ ಕೆಲವು ವಿಜ್ಞಾನಿಗಳು ಹಿಮವನ್ನೇ ಅಭ್ಯಾಸ ಮಾಡಲು ಕುಳಿತರು. ಅವರು ಕಂಡುಕೊಂಡ ಮುಖ್ಯ ಸತ್ಯವೆಂದರೆ, ಬಿದ್ದ ಹಿಮ ಬಿದ್ದಂತೆಯೇ ಇರುವುದಿಲ್ಲ. ನೆಲದ ಮೇಲೆ ಕುಳಿತೇ ಅದು ರೂಪ ಬದಲಿಸುತ್ತದೆ.

ಮೊದಲ ಹಿಮದ ಪದರ ಸಾಮಾನ್ಯವಾಗಿ ತೆಳ್ಳಗಿರುತ್ತದೆ. ಅದರ ಅಡಿಯ ನೆಲದಲ್ಲಿ ಬೇಸಿಗೆಯ ಕಾವು ಇನ್ನೂ ಉಳಿದಿದ್ದು, ಉಷ್ಣತೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮೇಲಿನ ಗಾಳಿಯಾದರೋ ರಾತ್ರಿ ಸೊನ್ನೆಗಿಂತ ಹತ್ತು-ಹದಿನೈದು ಡಿಗ್ರಿ ಕೆಳಗಿಳಿಯುತ್ತದೆ. ಒಂದೆರಡು ಗೇಣು ದಪ್ಪದ ಪದರದಲ್ಲಿ ಇಷ್ಟು ಅಂತರವಿದ್ದರೆ, ಅಡಿಯ ಬೆಚ್ಚಗಿನ ಭಾಗದಿಂದ ನೀರಾವಿ ಮೇಲಕ್ಕೇರಿ ತಣ್ಣನೆಯ ಕಣಗಳ ಮೇಲೆ ಮತ್ತೆ ಹೆಪ್ಪುಗಟ್ಟುತ್ತದೆ. ಒಂದಕ್ಕೊಂದು ಹೆಣೆದುಕೊಂಡಿದ್ದ ಹಿಮದ ಎಸಳುಗಳು ಕೆಲವು ವಾರಗಳಲ್ಲಿ ದಪ್ಪ ಸಕ್ಕರೆಯ ಹರಳುಗಳಂತಾಗುತ್ತವೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗದೆ ಬೆರಳ ಸಂದಿಯಿಂದ ಸುರಿದುಹೋಗುತ್ತವೆ.

ಪದರ ದಪ್ಪವಿದ್ದರೆ ಅದೇ ಕಂಬಳಿಯಂತಾಗಿ ಈ ಬದಲಾವಣೆಯನ್ನು ತಡೆಯುತ್ತದೆ. ಆದ್ದರಿಂದ ಮೊದಲು ಬಿದ್ದ ಹಿಮ ಹೆಚ್ಚಿದ್ದರೆ ಭಯ ಕಡಿಮೆ. ಅಷ್ಟಿಷ್ಟು ಬಿದ್ದು ನಿಂತರೆ ಭಯ ಹೆಚ್ಚು. ದಕ್ಷಿಣದ ಇಳಿಜಾರಿನಲ್ಲಿ ಬಿಸಿಲಿಗೆ ಅದು ಕರಗಿಹೋಗುತ್ತದೆ. ಉತ್ತರದ ನೆರಳಿನಲ್ಲಿ ಉಳಿಯುತ್ತದೆ. ಮೊದಲ ಹಿಮದ ಬೆನ್ನಿಗೆ ವಾರಗಟ್ಟಲೆ ನೀಲಿ ಆಕಾಶವಿದ್ದರೆ ಪ್ರವಾಸಿಗಳು ಹಿಗ್ಗುತ್ತಾರೆ, ತಿಳಿದವರು ಹುಬ್ಬು ಗಂಟಿಕ್ಕುತ್ತಾರೆ.

ಆಮೇಲೆ ಡಿಸೆಂಬರ್-ಜನವರಿಯ ಬಿರುಗಾಳಿ ಬಂದು ಇದರ ಮೇಲೆ ಗಟ್ಟಿಯಾದ ಹೊಸ ಚಪ್ಪಡಿ ಕೂರಿಸುತ್ತದೆ. ಚೆಲ್ಲಿದ ಸಕ್ಕರೆಯ ಮೇಲೆ ಇಳಿಜಾರಾಗಿ ಕಲ್ಲು ಹಾಸಿದ ಹಾಗೆ! ಮೂವತ್ತು ಡಿಗ್ರಿಗಿಂತ ಕಡಿದಾದ ಜಾಗದಲ್ಲಿ ಒಬ್ಬ ಮನುಷ್ಯನ ಭಾರ ಬಿದ್ದರೂ ಅಡಿಯ ಪದರ ಕುಸಿದು, ಬಿರುಕು ಕ್ಷಣಮಾತ್ರದಲ್ಲಿ ಹಬ್ಬಿ, ಇಡೀ ಚಪ್ಪಡಿ ಕೆಳಗೆ ನುಗ್ಗುತ್ತದೆ. ಕಾಲಡಿಯಿಂದ 'ಧಡ್' ಎಂಬ ಮಂದ ಸದ್ದು ಕೇಳಿದರೆ ಹಿಂತಿರುಗಬೇಕೆಂದು ಬಲ್ಲವರು ಹೇಳುವುದು ಇದಕ್ಕೇ.

ನಿಮಿಷಗಳ ಲೆಕ್ಕ

1950-51ರ ಚಳಿಗಾಲದಲ್ಲಿ ಹಿಮಕುಸಿತಗಳು ಸ್ವಿಟ್ಜರ್‌ಲೆಂಡಿನಲ್ಲಿ 98 ಜನರನ್ನು ಬಲಿ ತೆಗೆದುಕೊಂಡವು. ಅವರಲ್ಲಿ ಅನೇಕರು ಸತ್ತದ್ದು ತಮ್ಮ ಮನೆಗಳಲ್ಲೇ. ಅನಂತರ ಊರುಗಳ ಮೇಲಿನ ಬೆಟ್ಟಗಳಲ್ಲಿ ತಡೆಬೇಲಿಗಳು ಎದ್ದವು. ಈಗ ಅಲ್ಲಿ ಸಾಯುವವರಲ್ಲಿ ಬಹುಪಾಲು ತಾವಾಗಿಯೇ ಬೆಟ್ಟಕ್ಕೆ ಹೋದವರು. ಹತ್ತರಲ್ಲಿ ಒಂಬತ್ತು ಪಾಲು ಇಂಥ ದುರಂತಗಳಲ್ಲಿ ಕುಸಿತವನ್ನು ಎಬ್ಬಿಸುವುದು ಸಿಕ್ಕಿಬಿದ್ದವರು ಅಥವಾ ಅವರ ಜೊತೆಗಾರರೇ.

ಹೂತುಹೋದವರನ್ನು ಹತ್ತು ನಿಮಿಷದೊಳಗೆ ತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಉಳಿಯುವವರು ಮೂವರಲ್ಲಿ ಒಬ್ಬರಷ್ಟೆ. ಹೊರಗಿನಿಂದ ಸಹಾಯ ಬರುವಷ್ಟು ವೇಳೆ ಇರುವುದಿಲ್ಲವಾದ್ದರಿಂದ ರೇಡಿಯೊ ಸಂಕೇತ ಹೊರಡಿಸುವ ಪುಟ್ಟ ಯಂತ್ರ, ಮಡಿಚುವ ಉದ್ದನೆಯ ಸಲಾಕೆ, ಸಲಿಕೆ ಈ ಮೂರನ್ನೂ ಪ್ರತಿಯೊಬ್ಬರೂ ಒಯ್ಯಬೇಕು. ಯೂರೋಪಿನ ದೇಶಗಳು 1993ರಲ್ಲಿ ಒಂದರಿಂದ ಐದರವರೆಗಿನ ಅಪಾಯದ ಮಟ್ಟಗಳನ್ನು ಒಪ್ಪಿಕೊಂಡವು. ಚಳಿಗಾಲದಲ್ಲಿ ಆ ಅಂಕಿ ನೋಡಿಯೇ ಬುದ್ಧಿವಂತರು ದಾರಿ ಆರಿಸುತ್ತಾರೆ.

ನಮ್ಮ ಹಿಮ, ನಮ್ಮ ನೋವು

ಭಾರತದಲ್ಲಿ ಸ್ಕೀ ಎಂದರೆ ಮೊದಲು ನೆನಪಾಗುವುದು ಕಾಶ್ಮೀರದ ಗುಲ್ಮಾರ್ಗ್. ಅಲ್ಲಿಯ ತಂತಿದಾರಿ ಅಫರ್ವಟ್ ಬೆಟ್ಟದ ಮೇಲೆ ಸುಮಾರು 3,900 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಅಲ್ಲಿಗೆ ಹಿಮ ತರುವುದು ಮಾನ್ಸೂನ್ ಅಲ್ಲ, ಪಶ್ಚಿಮದಿಂದ ಬರುವ ಚಳಿಗಾಲದ ಮಾರುತಗಳು. 2024ರ ಜನವರಿಯಲ್ಲಿ ಅವು ಕೈಕೊಟ್ಟು, ಗುಲ್ಮಾರ್ಗ್ ಬೋಳು ನೆಲವಾಗಿ ಕಂಡಿತು. ಫೆಬ್ರುವರಿಯಲ್ಲಿ ಹಿಮ ಭಾರಿಯಾಗಿ ಸುರಿಯಿತು. ಅದೇ ತಿಂಗಳ 22ರಂದು ಹಿಮಕುಸಿತದಲ್ಲಿ ರಷ್ಯದ ಸ್ಕೀಗಾರನೊಬ್ಬ ಮೃತಪಟ್ಟ.

ಆಟಕ್ಕೆಂದು ಹೋಗದವರನ್ನೂ ಹಿಮ ಬಿಡುವುದಿಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮರಾಶಿ ಕುಸಿದು ಹತ್ತು ಯೋಧರು ಹೂತುಹೋದರು. ಕುಂದಗೋಳ ತಾಲ್ಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ದಿನಗಳು ಕಳೆದ ಮೇಲೂ ಜೀವಂತವಾಗಿ ಸಿಕ್ಕಿದಾಗ ನಾಡೇ ಪ್ರಾರ್ಥಿಸಿತು. ಫೆಬ್ರುವರಿ 11ರಂದು ಅವರು ದಿಲ್ಲಿಯಲ್ಲಿ ಕೊನೆಯುಸಿರೆಳೆದರು. ಹಿಮವನ್ನೇ ಕಾಣದ ಊರಿನವರಿಗೂ ಅದರ ಭಾರ ಎಷ್ಟೆಂದು ಆ ವಾರ ಗೊತ್ತಾಯಿತು.

ಯೋಧನಿಗೆ ದಾರಿ ಆರಿಸುವ ಸ್ವಾತಂತ್ರ್ಯವಿಲ್ಲ, ಸ್ಕೀಗಾರನಿಗೆ ಉಂಟು. ಮೊದಲ ಹಿಮ ಎಂದು ಬಿತ್ತು, ಎಷ್ಟು ಬಿತ್ತು, ಯಾವ ಮಗ್ಗುಲಲ್ಲಿ ಕರಗದೆ ಉಳಿಯಿತು ಎಂದು ನವೆಂಬರಿನಲ್ಲೇ ಬರೆದಿಟ್ಟುಕೊಂಡವನು ಫೆಬ್ರುವರಿಯಲ್ಲಿ ಬೇರೆ ದಾರಿ ಹಿಡಿದು ಸಂಜೆಗೆ ಮನೆ ಸೇರುತ್ತಾನೆ.