ಮದ್ದಿಗೇ ಮದ್ದು ಬಿದ್ದ ಕಥೆ

ಕಿತ್ತೂರು ಕೋಟೆಯ ಪಾಳುಗೋಡೆಗಳ ನಡುವೆ ಅಡ್ಡಾಡುವವರ ಕಿವಿಗೆ ಚೆನ್ನಮ್ಮನ ಶೌರ್ಯದ ಬೆನ್ನಿಗೇ ಇನ್ನೊಂದು ಮಾತೂ ಬೀಳುತ್ತದೆ. 1824ರ ಡಿಸೆಂಬರಿನಲ್ಲಿ ಕಂಪನಿ ಸರ್ಕಾರದ ಜತೆ ನಡೆದ ಕಾಳಗದಲ್ಲಿ ಒಳಗಿನವರೇ ಮದ್ದಿಗೆ ಸೆಗಣಿ ಬೆರೆಸಿದರಂತೆ, ತೋಪು ಹಾರಲೇ ಇಲ್ಲವಂತೆ. ಊಟದಲ್ಲಿ ಏನನ್ನೋ ಕಲಸಿ ಕೊಟ್ಟರೆ ಈ ಕಡೆ ‘ಮದ್ದ ಹಾಕ್ಯಾರ’ ಅನ್ನುತ್ತಾರೆ. ಆ ಲೆಕ್ಕದಲ್ಲಿ ಕಿತ್ತೂರಿನಲ್ಲಿ ಮದ್ದಿಗೇ ಮದ್ದು ಬಿತ್ತು!

ಕಥೆಯನ್ನು ಪೂರ್ತಿ ನಂಬುವುದು ಕಷ್ಟ. ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಉರುಳಿದಾಗ (ಅಮಟೂರು ಬಾಳಪ್ಪನ ಗುಂಡಿಗೆ ಎಂಬುದು ಜನಜನಿತ) ಇದೇ ಮದ್ದು ಚೆನ್ನಾಗಿಯೇ ಹೊತ್ತಿಕೊಂಡಿತ್ತು. ಡಿಸೆಂಬರಿನಲ್ಲಿ ಕಂಪನಿ ಸರ್ಕಾರ ದೊಡ್ಡ ಪಡೆಯನ್ನೇ ತಂದಿತು. 5ರಂದು ಕೋಟೆ ಬಿತ್ತು. ಬೈಲಹೊಂಗಲದ ಸೆರೆಯಲ್ಲಿ ಚೆನ್ನಮ್ಮ 1829ರಲ್ಲಿ ತೀರಿಕೊಂಡಳು. ಸೋಲಿಗೆ ಅಷ್ಟೇ ಸಾಕಿತ್ತು, ಆದರೆ ಜನ ಸೆಗಣಿಯನ್ನು ಬಿಟ್ಟುಕೊಡುವುದಿಲ್ಲ.

ಅಸಲಿಗೆ ಸೋಜಿಗ ಇರುವುದು ಹೆಸರಿನಲ್ಲಿ. ಕರಾವಳಿಯವರಿಗೆ ಮದ್ದೆಂದರೆ ಔಷಧ. ಹಳಗನ್ನಡದ ‘ಮರ್ದು’ವಿಗೂ ಅದೇ ಅರ್ಥ. ಜೀವ ಉಳಿಸುವ ವಸ್ತುವಿನ ಹೆಸರು ಜೀವ ತೆಗೆಯುವ ಕರಿಪುಡಿಗೆ ಅಂಟಿದ್ದು ಹೇಗೆ? ಕನ್ನಡವೊಂದೇ ಹೀಗೆ ಮಾಡಿದ್ದರೆ ಆಕಸ್ಮಿಕ ಅಂದು ಸುಮ್ಮನಾಗಬಹುದಿತ್ತು. ಮಲಯಾಳದಲ್ಲಿ ಅದು ‘ವೆಡಿಮರುನ್ನು’. ತೆಲುಗಿನ ‘ಮಂದು’ ಔಷಧವೂ ಹೌದು, ಸಿಡಿಮದ್ದೂ ಹೌದು, ಹೆಂಡವೂ ಹೌದು. ಮರಾಠಿಯ ‘ದಾರೂ’ ಹೆಂಡವೂ ಹೌದು, ಸಿಡಿಮದ್ದೂ ಹೌದು. ಅದರ ಮೂಲವಾದ ಪಾರಸಿಯ ‘ದಾರೂ’ ಮಾತ್ರ ಔಷಧ. ಚೀನಿಯರು ಕರೆದದ್ದು ‘ಹುವೊಯಾವೊ’, ಅಂದರೆ ಬೆಂಕಿಯ ಔಷಧ.

ಅಲ್ಲಿಗೆ ಗುಟ್ಟು ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಚೀನಾದ ರಸವಾದಿಗಳು ಆಯುಷ್ಯ ಹೆಚ್ಚಿಸುವ ಪಾಕ ಹುಡುಕುತ್ತ ಪೆಟ್ಲುಪ್ಪು, ಗಂಧಕಗಳನ್ನು ಕಾಯಿಸಿ ಗಡ್ಡ ಸುಟ್ಟುಕೊಂಡವರು. ಸಿಡಿಮದ್ದಿನ ಪಾಕವಿಧಾನ ಅಚ್ಚುಕಟ್ಟಾಗಿ ಬರಹಕ್ಕಿಳಿದದ್ದು 1044ರ ಚೀನೀ ಯುದ್ಧಗ್ರಂಥದಲ್ಲಿ. ಪೆಟ್ಲುಪ್ಪನ್ನು ‘ಚೀನಾದ ಹಿಮ’ ಎಂದು ದಾಖಲಿಸಿದ ಅರಬ್ಬರ ಇಬ್ನ್ ಅಲ್ ಬೈತಾರ್ ಕೂಡ ಮೂಲಿಕೆಗಳ ಪಂಡಿತ, 1248ರಲ್ಲಿ ತೀರಿಕೊಂಡವ. ಪುಡಿ ಹುಟ್ಟಿದ್ದೇ ವೈದ್ಯರ ಒರಳಿನಲ್ಲಿ. ಹೆಸರೂ ಅದರ ಜತೆಗೇ ಸೀಮೆಯಿಂದ ಸೀಮೆಗೆ ನಡೆದು ಬಂದಂತಿದೆ.

ತೂಕದ ಲೆಕ್ಕವೂ ಅಳಲೆಕಾಯಿ ಪಂಡಿತರದೇ: ನೂರು ಪಾಲಿನಲ್ಲಿ ಪೆಟ್ಲುಪ್ಪು 75, ಇದ್ದಿಲು 15, ಗಂಧಕ 10. ತಂಡಿ ತಗಲಿದರೆ ಕೆಲಸ ಕೆಟ್ಟಿತು. ಹಾಗಾಗಿ ಕೋಟೆಗಳಲ್ಲಿ ‘ಮದ್ದಿನ ಮನೆ’ಗೆ ದಪ್ಪ ಗೋಡೆ, ಕಾವಲು ಬೇರೆ.

1857ರ ನಿಶ್ಶಸ್ತ್ರೀಕರಣ ಕಾಯ್ದೆ ಬಂದಾಗ ಪರವಾನಗಿಯಿಲ್ಲದೆ ಮದ್ದುಗುಂಡು ಹತ್ತಿರ ಇರುವುದೇ ಅಪರಾಧವಾಯಿತು. ಆ ಸಿಟ್ಟು ಹೊಗೆಯಾಡುತ್ತಿದ್ದಾಗಲೇ, ಮರುವರ್ಷ, ರಾಮದುರ್ಗದ ಸುರೇಬಾನದಲ್ಲಿ ಕಂಪನಿಯ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ನರಗುಂದದ ಅರಸ ಬಾಬಾಸಾಹೇಬನ ಕಡೆಯವರ ಕೈಗೆ ಸಿಕ್ಕು ಸತ್ತ. ಈಗ ಜಾತ್ರೆಯ ರಾತ್ರಿ ‘ಮದ್ದು ಸುಡಲು’ ಕೂಡ ಲೈಸೆನ್ಸ್ ಬೇಕು. ಕಾಗದದಲ್ಲಿ ಮಾತ್ರ ಅದರ ಹೆಸರು ‘ಸ್ಫೋಟಕ ವಸ್ತು’.